ಪೆಟ್ಟಿಗೆಯಲ್ಲಿ ಬಾರದ ಸಿಹಿ

ಫ್ರಾನ್ಸ್ ಪ್ರವಾಸಕ್ಕೆ ಹೊರಟವರು ಅಲ್ಲಿಂದ ಮನೆಗೆ ಯಾವ ಸಿಹಿತಿಂಡಿ ತರಬೇಕೆಂದು ನನ್ನನ್ನು ಕೇಳುತ್ತಾರೆ. ಎರಡು ಬಾರಿ ಆ ದೇಶದಲ್ಲಿ ತಿರುಗಾಡಿ, ಹೋದ ಊರಿನಲ್ಲೆಲ್ಲ ಬೆಳಗಿನ ಹೊತ್ತು ಪಾತಿಸ್ಸರಿಗಳನ್ನು, ಅಂದರೆ ಅಲ್ಲಿನ ಸಿಹಿತಿಂಡಿಯ ಅಂಗಡಿಗಳನ್ನು, ಹುಡುಕಿಕೊಂಡು ಹೋದ ಮೇಲೆ ನನಗೆ ಖಚಿತವಾಗಿರುವುದಿಷ್ಟು: ಅವುಗಳಲ್ಲಿ ಅತ್ಯುತ್ತಮವಾದವು ವಿಮಾನ ಹತ್ತುವಂಥವಲ್ಲ. ಮಾಡಿದ ಊರಿನಲ್ಲಿ, ಮಾಡಿದ ದಿನವೇ ಅವನ್ನು ತಿನ್ನಬೇಕು.

ವಿಮಾನ ನಿಲ್ದಾಣಗಳ ಮಳಿಗೆಗಳಲ್ಲಿ ಬಣ್ಣಬಣ್ಣದ ಮ್ಯಾಕರಾನ್ ಪೆಟ್ಟಿಗೆಗಳೇ ಕಣ್ಣಿಗೆ ಬೀಳುವುದಕ್ಕೂ ಇದೇ ಕಾರಣವೆಂದು ನನಗನ್ನಿಸುತ್ತದೆ. ಬಾದಾಮಿ ಪುಡಿ, ಸಕ್ಕರೆ ಮತ್ತು ಮೊಟ್ಟೆಯ ಬಿಳಿಭಾಗದಿಂದ ಮಾಡಿದ ಆ ಬಿಲ್ಲೆಗಳನ್ನು ಜೋಡಿಸಿ ಒಂದು ದಿನ ಫ್ರಿಜ್‌ನಲ್ಲಿಟ್ಟರೆ, ನಡುವಿನ ಹೂರಣದ ತೇವ ಬಿಲ್ಲೆಗೆ ಇಳಿದು ರುಚಿ ಇನ್ನಷ್ಟು ಕೂಡಿಬರುತ್ತದೆ. ಒಂದು ದಿನ ಕಾದರೆ ಹದವಾಗುವ ಸಿಹಿ ಅದು. ದೂರ ಪ್ರಯಾಣಕ್ಕೆ ಒಗ್ಗುತ್ತದೆ. ಆದರೆ ಫ್ರಾನ್ಸಿನ ಸಿಹಿಯೆಂದರೆ ಇದೇ ಎಂದುಕೊಂಡು ಮರಳುವವರನ್ನು ಕಂಡರೆ, ದಾವಣಗೆರೆಗೆ ಹೋಗಿಯೂ ಕಾವಲಿಯ ಬಳಿ ಕೂತು ಬೆಣ್ಣೆದೋಸೆ ತಿನ್ನದೆ ಬಂದವರನ್ನು ಕಂಡಷ್ಟೇ ಬೇಸರವಾಗುತ್ತದೆ.

ಎರಡನೆಯ ಪ್ರವಾಸದಲ್ಲಿ ಅಮ್ಮನೂ ಜೊತೆಗಿದ್ದಳು. ಪ್ಯಾರಿಸ್ಸಿನ ಒಂದು ಬಡಾವಣೆಯ ಬೇಕರಿಯಲ್ಲಿ ನಾನು ಕೊಂಡ ಕ್ರೊಸಾಂ ಅನ್ನು, ಅಂದರೆ ಬೆಣ್ಣೆಯ ಪದರಗಳಿರುವ ಬನ್ನನ್ನು, ಮುರಿದು ತೋರಿಸಿದಾಗ ಅವಳು ಒಡನೆಯೇ, "ಇದು ನಮ್ಮ ಚಿರೋಟಿಯ ಪದರ ಕಣೋ" ಎಂದಳು. ಅವಳು ಹೇಳಿದ್ದು ಸರಿ. ಹಿಟ್ಟಿನ ಹಾಳೆಯೊಳಗೆ ತಣ್ಣನೆಯ ಬೆಣ್ಣೆಯನ್ನಿಟ್ಟು, ಲಟ್ಟಿಸಿ, ಮೂರು ಮಡಿಕೆಯಾಗಿ ಮಡಚುವ ಕೆಲಸವನ್ನು ಮೂರು ಸಲ ಮಾಡಿದರೆ ಬೆಣ್ಣೆಯ 27 ಪದರಗಳಾಗುತ್ತವೆ. ಓವನ್ನಿನ ಶಾಖಕ್ಕೆ ನೀರಿನಂಶ ಆವಿಯಾಗಿ ಆ ಪದರಗಳನ್ನು ಮೇಲೆತ್ತುತ್ತದೆ. ನಾವು ತುಪ್ಪ ಮತ್ತು ಅಕ್ಕಿಹಿಟ್ಟಿನ ಸಾಟಿ ಸವರಿ ಹಾಳೆಗಳನ್ನು ಒಂದರ ಮೇಲೊಂದು ಇಡುವುದೂ ಪದರ ಪದರಕ್ಕೆ ಅಂಟದಿರಲೆಂದೇ. ಆದರೆ ಚಿರೋಟಿಯನ್ನು ಕರಿದಾಗ ನೀರಿನಂಶವೆಲ್ಲ ಹೊರಟುಹೋಗುವುದರಿಂದ ಅದು ಡಬ್ಬಿಯಲ್ಲಿ ದಿನಗಟ್ಟಲೆ ಗರಿಗರಿಯಾಗಿರುತ್ತದೆ. ಕ್ರೊಸಾಂನ ಒಡಲು ಮೆತ್ತಗೆ, ತೇವವಾಗಿರುವುದರಿಂದ ಆ ತೇವ ಕೆಲವೇ ಗಂಟೆಗಳಲ್ಲಿ ಹೊರಪದರಕ್ಕೆ ಹರಡುತ್ತದೆ. ಬೆಳಿಗ್ಗೆ ಮುರಿದರೆ ಚೂರುಚೂರಾಗಿ ಉದುರುವುದು ಸಂಜೆಗೆ ಬ್ರೆಡ್ಡಿನಂತೆ ಬಾಗುತ್ತದೆ.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಫ್ರಾನ್ಸಿನಲ್ಲಿ 1998ರ ಕಾನೂನಿನಂತೆ, ಮಾರುವ ಜಾಗದಲ್ಲೇ ಹಿಟ್ಟು ನಾದಿ, ಆಕಾರ ಕೊಟ್ಟು, ಬ್ರೆಡ್ ಸುಡುವವರು ಮಾತ್ರ ಅಂಗಡಿಗೆ 'ಬುಲಾಂಜರಿ', ಅಂದರೆ ಬ್ರೆಡ್ಡಿನಂಗಡಿ, ಎಂಬ ಹೆಸರಿಟ್ಟುಕೊಳ್ಳಬಹುದು. ಈ ನಿಯಮ ಬ್ರೆಡ್ಡಿಗೆ ಸಂಬಂಧಿಸಿದ್ದು, ಕ್ರೊಸಾಂಗಲ್ಲ. ಹೀಗಾಗಿ ಕಾರ್ಖಾನೆಯಿಂದ ಹೆಪ್ಪುಗಟ್ಟಿಸಿ ತಂದ ಕ್ರೊಸಾಂಗಳನ್ನು ಅಲ್ಲಿ ಬರೀ ಬಿಸಿ ಮಾಡಿ ಮಾರುವವರೂ ಇದ್ದಾರೆ. ಒಳಗೆ ಹೋದೊಡನೆ 'ಬೊಂಝೂರ್' ಎಂದು ನಮಸ್ಕರಿಸಿ (ಹಾಗೆನ್ನದೆ ನೇರವಾಗಿ ಬೇಕಾದ್ದನ್ನು ಕೇಳುವುದು ಅಲ್ಲಿ ಅಗೌರವ) ಇಲ್ಲೇ ಮಾಡಿದ್ದೇ ಎಂದು ವಿಚಾರಿಸಬೇಕು. ಚೆನ್ನಾಗಿ ಮಾಡುವವರು ಆ ಪ್ರಶ್ನೆಗೆ ಸಂತೋಷದಿಂದಲೇ ಉತ್ತರಿಸಿದ್ದನ್ನು ನಾನು ಕಂಡಿದ್ದೇನೆ.

ಬೋರ್ಡೋ ನಗರದ ಕಾನಲೆ ಇನ್ನೂ ಸೂಕ್ಷ್ಮವಾದುದು. ಹಾಲು, ಮೊಟ್ಟೆ, ವೆನಿಲ್ಲಾ ಮತ್ತು ರಮ್ ಬೆರೆಸಿದ ತೆಳು ಹಿಟ್ಟನ್ನು, ಜೇನುಮೇಣ ಸವರಿದ ಪುಟ್ಟ ತಾಮ್ರದ ಅಚ್ಚುಗಳಲ್ಲಿ ಹೊಯ್ದು ಬೇಯಿಸುತ್ತಾರೆ. ಹೊರಗೆ ಸುಟ್ಟ ಸಕ್ಕರೆಯ ಕಂದುಬಣ್ಣದ ಗಟ್ಟಿ ಕವಚ, ಒಳಗೆ ಗಿಣ್ಣಿನಂತೆ ಮೆದು. ಮಧ್ಯಾಹ್ನ ಅಂಗಡಿಯ ಮುಂದೆಯೇ ನಿಂತು ಒಂದನ್ನು ತಿಂದು, ಇನ್ನೊಂದನ್ನು ರಾತ್ರಿ ಕೋಣೆಯಲ್ಲಿ ಬಿಚ್ಚಿದಾಗ ಅದರ ಕವಚ ತೊಗಲಿನಂತೆ ಜಗ್ಗುತ್ತಿತ್ತು.

ಮೊಟ್ಟೆ ತಿನ್ನದ ಅಮ್ಮನಿಗೆ ಈ ಅಂಗಡಿಗಳಲ್ಲಿ ದೊರೆಯುವುದು ಬಹಳ ಕಡಿಮೆ. ಕ್ರೊಸಾಂನ ಹಿಟ್ಟಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರದಿದ್ದರೂ ಹೊಳಪಿಗಾಗಿ ಮೇಲೆ ಸವರುತ್ತಾರೆ. ನೊರೆಯಂತೆ ಹಗುರವಾದ ಮೂಸ್ ತುಂಬಿದ ಕೇಕುಗಳಲ್ಲಿ ಹಂದಿಯ ಅಥವಾ ದನದ ಜೆಲಟಿನ್ ಇರುವುದು ಸಾಮಾನ್ಯ. ಪ್ಯಾರಿಸ್ಸಿನಲ್ಲಿ 1730ರಿಂದ ನಡೆದು ಬಂದಿರುವ ಸ್ಟೋರೆರ್ ಅಂಗಡಿಯಲ್ಲಿ ನಾನು ತಿನ್ನುತ್ತಿದ್ದಾಗ ಅವಳು ಗಾಜಿನಾಚೆಯ ಸಾಲುಗಳನ್ನು ನೋಡುತ್ತ ನಿಂತಿದ್ದುದು ನನ್ನ ಮನಸ್ಸಿಗೆ ಚುಚ್ಚುತ್ತಲೇ ಇತ್ತು.

ಫ್ರಾನ್ಸಿನ ವಾಯವ್ಯ ಭಾಗದ ಬ್ರಿಟ್ಟನಿ ಪ್ರಾಂತ್ಯದ ಕಡಲತೀರದ ದ್ವಾರ್ನನೆಗೆ ನಾವು ಹೋದದ್ದು ಅದಕ್ಕಾಗಿಯೇ. 19ನೇ ಶತಮಾನದಲ್ಲಿ ಆ ಮೀನುಗಾರರ ಊರಿನಲ್ಲಿ ಹುಟ್ಟಿದ ಕ್ವಿನ್ ಅಮಾನ್‌ನ ಹೆಸರಿಗೆ ಅಲ್ಲಿನ ಬ್ರೆಟನ್ ಭಾಷೆಯಲ್ಲಿ 'ಬೆಣ್ಣೆಯ ಕೇಕು' ಎಂದಷ್ಟೇ ಅರ್ಥ. ಬ್ರೆಡ್ಡಿನ ಹಿಟ್ಟು, ಉಪ್ಪು ಹಾಕಿದ ಬೆಣ್ಣೆ, ಸಕ್ಕರೆ. ಮೂಲ ಪಾಕದಲ್ಲಿ ಮೊಟ್ಟೆಯಿಲ್ಲ. ಆದರೂ ಮೇಲೆ ಸವರಿದ್ದಾರೆಯೇ ಎಂದು ಕೇಳಿ, ಇಲ್ಲವೆಂದು ಖಚಿತಪಡಿಸಿಕೊಂಡೇ ಕೊಂಡೆವು. ಬಂದರಿನ ಬಳಿಯ ಕಲ್ಲಿನ ಮೇಲೆ ಕೂತು, ಇನ್ನೂ ಬೆಚ್ಚಗಿದ್ದ ಆ ತುಂಡನ್ನು ಬಾಯಿಗಿಟ್ಟ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ತಳದಲ್ಲಿ ಸಕ್ಕರೆ ಕರಗಿ ಗಟ್ಟಿಯಾಗಿದ್ದ ಅಂಚನ್ನು ಕೊನೆಗೆಂದು ಉಳಿಸಿಕೊಂಡಿದ್ದಳು. ಅದನ್ನೂ ಮುಗಿಸಿ, "ಇನ್ನೊಂದು ತಗೊಂಡು ಬಾ, ಇಲ್ಲೇ ಕೂತಿರ್ತೀನಿ" ಎಂದಳು.