ಮುಚ್ಚಿದ ಅಂಗಡಿಯ ಹಾಡುಗಳು

ಹಳೇ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುಂಚೆ ಮೊನ್ನೆ ಅದರ ಹೊಟ್ಟೆ ಬಗೆದು ನೋಡ್ತಿದ್ದೆ. 'ಫ್ಲೈಟ್' ಅಂತ ಒಂದು ಫೋಲ್ಡರ್ ಸಿಕ್ಕಿತು. ಈಗಿನ ಹುಡುಗರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರುವರಿಯಲ್ಲಿ ತೆರೆದಿದ್ದ ಹಾಡಿನ ಅಂಗಡಿ ಅದು. ಒಂದು ಹಾಡಿಗೆ ಆರು ರೂಪಾಯಿಯಿಂದ ಶುರು. ದುಡ್ಡು ಕೊಟ್ಟರೆ ಎಂಪಿ3 ಫೈಲೇ ಕೈಗೆ, ನಕಲು ಮಾಡದ ಹಾಗೆ ತಡೆಯುವ ಬೀಗ ಗೀಗ ಏನೂ ಇಲ್ಲ. ಒಂದೂವರೆ ವರ್ಷವೂ ತುಂಬಲಿಲ್ಲ, 2013ರ ಜೂನ್‌ನಲ್ಲಿ ಅಂಗಡಿ ಮುಚ್ಚಿತು. ಮೊನ್ನೆ ಆ ಫೋಲ್ಡರಿನ ಒಂದು ಹಾಡು ಒತ್ತಿದೆ. ಹಾಡಿತು.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ವರ್ಷದ ಚಂದಾ ಕಟ್ಟಿ ಒಂದು ಆ್ಯಪ್‌ನಲ್ಲಿ ಕೂಡಿಟ್ಟಿದ್ದ ಹಾಡುಗಳು, ಚಂದಾ ಮುಗಿದ ಮರುದಿನ ಘಾಟಿ ದಾರಿಯಲ್ಲಿ ಮೂಕವಾದವು. ಪ್ರತಿ ಹಾಡಿನ ಪಕ್ಕದಲ್ಲೂ 'ಡೌನ್‌ಲೋಡ್ ಆಗಿದೆ' ಅನ್ನೋ ಹಸಿರು ಗುರುತು ಇತ್ತು. ಫೋನು ನನ್ನದು, ಅದರಲ್ಲಿ ಜಾಗ ತಿಂದಿದ್ದೂ ಆ ಹಾಡುಗಳೇ, ಆದರೆ ಹಾಡು ಮಾತ್ರ ನನ್ನದಲ್ಲ. ಬಾಡಿಗೆ ಅಂತ ಹೇಳಿಯೇ ಕೊಟ್ಟಿದ್ದರೆ ನನಗೆ ತಕರಾರಿರಲಿಲ್ಲ, ಆ 'ಡೌನ್‌ಲೋಡ್' ಪದ ಬಳಸಿದ್ದಕ್ಕೆ ಸಿಟ್ಟು.

ಹಾಗಾಗಿ ಈಗ ಹಾಡು ಮಾರುವ ಯಾವ ಅಂಗಡಿಗೆ ಹೋದರೂ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಾಳೆ ಇವರು ಬಾಗಿಲು ಹಾಕಿದರೆ ನನ್ನ ಹತ್ತಿರ ಏನು ಉಳಿಯುತ್ತೆ?

ಸದ್ಯ ಹೆಚ್ಚು ಕೊಳ್ಳುತ್ತಿರೋದು ಬ್ಯಾಂಡ್‌ಕ್ಯಾಂಪ್‌ನಲ್ಲಿ, ಹಾಡಿದವರೇ ತಮ್ಮ ಹಾಡು ಮಾರಬಹುದಾದ ಜಾಲತಾಣ ಅದು. ಕೊಳ್ಳುವ ಮುಂಚೆ ಬಹುಮಟ್ಟಿಗೆ ಇಡೀ ಹಾಡು ಕೇಳಬಹುದು, ಮೂವತ್ತು ಸೆಕೆಂಡಿನ ತುಣುಕಲ್ಲ. ಎಷ್ಟೋ ಆಲ್ಬಮ್‌ಗಳಿಗೆ ಕನಿಷ್ಠ ಬೆಲೆ ಮಾತ್ರ ಇಟ್ಟಿರ್ತಾರೆ, ಅದರ ಮೇಲೆ ನಮಗೆ ತೋಚಿದಷ್ಟು ಕೊಡಬಹುದು. ಡಿಜಿಟಲ್ ಮಾರಾಟದಲ್ಲಿ ಅಂಗಡಿಯ ಪಾಲು ಶೇ. 15, ಪಾವತಿ ಶುಲ್ಕ ಬೇರೆ. ಉಳಿದದ್ದು ಹಾಡಿದವರಿಗೆ ಅಥವಾ ಅವರ ಲೇಬಲ್‌ಗೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಸಂಗೀತ ಕಛೇರಿಗಳೆಲ್ಲ ರದ್ದಾದಾಗ, ಒಂದು ಶುಕ್ರವಾರ ತಮ್ಮ ಪಾಲನ್ನೇ ಬಿಟ್ಟುಕೊಟ್ಟಿದ್ದರು. ಆಮೇಲೂ ಕೆಲವು ಶುಕ್ರವಾರ ಹಾಗೇ ಮಾಡ್ತಾ ಬಂದಿದ್ದಾರೆ. ನಾನು ಬುಟ್ಟಿಯಲ್ಲಿ ಹಾಕಿಟ್ಟು ಆ ದಿನಕ್ಕೆ ಕಾಯ್ತೀನಿ.

ಇಷ್ಟೆಲ್ಲ ಹೊಗಳಿದ ಮೇಲೂ ಅಂಗಡಿಯನ್ನು ನಂಬಿಕೊಂಡಿಲ್ಲ. 2022ರಲ್ಲಿ ವಿಡಿಯೋ ಗೇಮ್ ಕಂಪನಿ ಎಪಿಕ್ ಗೇಮ್ಸ್ ಇದನ್ನು ಕೊಂಡಿತು. ಮರುವರ್ಷವೇ ಸಾಂಗ್‌ಟ್ರೇಡರ್ ಅನ್ನೋ ಸಂಗೀತ ಪರವಾನಗಿ ಕಂಪನಿಗೆ ಮಾರಿತು, ಆ ಗಲಾಟೆಯಲ್ಲಿ ಸುಮಾರು ಅರ್ಧದಷ್ಟು ಸಿಬ್ಬಂದಿ ಕೆಲಸ ಕಳಕೊಂಡರು. ಮನೆ ಮಾಲೀಕ ಎರಡು ವರ್ಷದಲ್ಲಿ ಎರಡು ಸಲ ಬದಲಾದರೆ ಬಾಡಿಗೆಯವನು ಗಂಟುಮೂಟೆ ಹತ್ತಿರವೇ ಇಟ್ಟುಕೊಂಡಿರ್ತಾನಲ್ಲ, ಹಾಗೆ. ಕೊಂಡ ದಿನವೇ ಫೈಲ್ ಇಳಿಸಿ ಎರಡು ಕಡೆ ಇಡ್ತೀನಿ. ಬೀಗವಿಲ್ಲದ ಫೈಲು ಅನ್ನೋದರಿಂದಲೇ ಇದು ಸಾಧ್ಯ.

ದನಿಯಲ್ಲಿ ಏನನ್ನೂ ಕಳೆಯದೆ ಇಡುವ ಫ್ಲ್ಯಾಕ್ ಫೈಲು ಬೇಕೋ, ಒಂದಿಷ್ಟು ಕಳೆದು ಚಿಕ್ಕದು ಮಾಡಿದ ಎಂಪಿ3 ಸಾಕೋ ಅಂತ ಗೆಳೆಯರು ಕೇಳ್ತಾರೆ. ಕಾರಿಗೆ ಸೆಕೆಂಡಿಗೆ 320 ಕಿಲೋಬಿಟ್‌ನ ಎಂಪಿ3 ಧಾರಾಳ ಸಾಕು, ನನ್ನ ಕಾರಿನ ಸ್ಟೀರಿಯೋಗೆ ಫ್ಲ್ಯಾಕ್ ಅಂದರೆ ಏನಂತಲೇ ಗೊತ್ತಿಲ್ಲ. ಆದರೆ ಮನೆಯಲ್ಲಿ ಇಡೋದಕ್ಕೆ ಫ್ಲ್ಯಾಕ್ ಕೊಳ್ಳಿ. ಅದರಿಂದ ಯಾವಾಗ ಬೇಕಾದರೂ ಎಂಪಿ3 ಮಾಡಿಕೊಳ್ಳಬಹುದು, ಎಂಪಿ3ಯಿಂದ ಹಿಂದಕ್ಕೆ ಬರೋ ದಾರಿ ಇಲ್ಲ. ಬರುತ್ತೆ ಅಂತ ಮಾರುವವರೂ ಇದ್ದಾರೆ. ಬೇರೊಂದು ಕಡೆ ಕೊಂಡ ಆಲ್ಬಮ್‌ನ ಸ್ಪೆಕ್ಟ್ರಮ್, ಅಂದರೆ ಯಾವ ಕಂಪನದ ದನಿ ಎಷ್ಟಿದೆ ಅಂತ ತೋರಿಸೋ ಚಿತ್ರ, ತೆರೆದು ನೋಡಿದರೆ 16 ಕಿಲೋಹರ್ಟ್ಸ್ ಮೇಲೆ ಕತ್ತರಿ ಹಾಕಿದ ಹಾಗೆ ಕಪ್ಪು. ಕಡಿಮೆ ದರ್ಜೆಯ ಎಂಪಿ3ಯನ್ನೇ ಫ್ಲ್ಯಾಕ್ ಡಬ್ಬಿಗೆ ತುಂಬಿದ್ದರು. ಡಬ್ಬಿ ತುಪ್ಪದ್ದು, ಒಳಗೆ ಡಾಲ್ಡಾ. ಅದಕ್ಕೇ ಹೊಸ ಅಂಗಡಿಯಲ್ಲಿ ಮೊದಲು ಒಂದೇ ಒಂದು ಹಾಡು ಕೊಂಡು ಪರೀಕ್ಷೆ ಮಾಡ್ತೀನಿ.

ಸಿನಿಮಾ ಹಾಡು ಬೇಕಿದ್ದರೆ ಬ್ಯಾಂಡ್‌ಕ್ಯಾಂಪ್ ಪ್ರಯೋಜನಕ್ಕಿಲ್ಲ. ಅದಕ್ಕೆ ಆ್ಯಪಲ್‌ನ ಐಟ್ಯೂನ್ಸ್ ಅಂಗಡಿ. 2012ರ ಡಿಸೆಂಬರ್‌ನಲ್ಲಿ ಇಲ್ಲಿಗೆ ಬಂದಿದ್ದು. ಸೆಕೆಂಡಿಗೆ 256 ಕಿಲೋಬಿಟ್‌ನ ಎಎಸಿ (ಎಂಪಿ3ಯಂಥದೇ ಇನ್ನೊಂದು ಬಗೆಯ) ಫೈಲು, 2009ರಿಂದಲೇ ಹಾಡುಗಳಿಗೆ ಬೀಗ ಇಲ್ಲ. ಲೇಬಲ್‌ನವರು ಹಾಡನ್ನು ಹಿಂತೆಗೆದುಕೊಂಡರೆ ಮತ್ತೆ ಇಳಿಸಿಕೊಳ್ಳೋಕೆ ಸಿಗದೇ ಹೋಗಬಹುದು, ಅಷ್ಟು ನೆನಪಿರಲಿ.

ನನ್ನ ದೊಡ್ಡ ಕೊರಗು ಬೇರೆ. ಭಾವಗೀತೆ ಕೊಳ್ಳಲು ಹೋದರೆ ಗಾಯಕರ ಹೆಸರಿದೆ, ಕಂಪನಿಯ ಹೆಸರಿದೆ, ಕವಿಯ ಹೆಸರು ಎಲ್ಲಿ? ಕ್ಯಾಸೆಟ್ಟಿನ ಹೊದಿಕೆ ಮೇಲೆ ಬೇಂದ್ರೆ, ಕುವೆಂಪು, ಕೆ.ಎಸ್.ನ. ಅಂತ ಅಚ್ಚಾಗಿರ್ತಿತ್ತು. ಎಂಪಿ3 ಫೈಲಿನ ಒಳಗೂ ಸಾಹಿತ್ಯ ಬರೆದವರಿಗೆ ಅಂತಲೇ ಒಂದು ಖಾನೆ ಇದೆ, ತುಂಬುವವರು ಇಲ್ಲ. ನಾನೇ ಕೂತು ಒಂದೊಂದಾಗಿ ತುಂಬ್ತೀನಿ. ಕನ್ನಡ ಲಿಪಿಯಲ್ಲಿ ತುಂಬಿದರೆ ಕಾರಿನ ಪರದೆಯಲ್ಲಿ ಸಾಲಾಗಿ ಚೌಕಗಳು. ಬರಲಿ ಬಿಡಿ.

ಫ್ಲೈಟ್ ಮುಚ್ಚುವಾಗ ಕೊಟ್ಟ ಕಾರಣ ಎರಡು: ಪೈರಸಿ, ಮತ್ತೆ ಸಣ್ಣ ಮೊತ್ತ ಪಾವತಿಸಲು ಸುಲಭದ ದಾರಿ ಇಲ್ಲದಿರುವುದು. ಆರು ರೂಪಾಯಿಗೆ ಕಾರ್ಡ್ ನಂಬರು, ಓಟಿಪಿ ಅಂತ ಯಾರು ಒದ್ದಾಡ್ತಾರೆ? 2016ರಲ್ಲಿ ಯುಪಿಐ ಬಂತು, ಈಗ ಹತ್ತು ರೂಪಾಯಿ ಕೊತ್ತಂಬರಿ ಸೊಪ್ಪಿಗೂ ಸ್ಕ್ಯಾನ್ ಮಾಡ್ತೀವಿ. ಆದರೆ ಅದೇ ವರ್ಷ ಜಿಯೋ ಕೂಡ ಬಂತು. ಡೇಟಾ ಅಗ್ಗವಾದ ಮೇಲೆ ಹಾಡನ್ನು ಇಟ್ಟುಕೊಳ್ಳಬೇಕು ಅನ್ನೋ ಆಸೆಯೇ ಜನಕ್ಕೆ ಹೋಯಿತು. ನಾನು ಮಾತ್ರ ಇವತ್ತಿಗೂ ಕಾರ್ಡಿನ ಅಂತಾರಾಷ್ಟ್ರೀಯ ಗುಂಡಿ ಒತ್ತಿ, ಡಾಲರ್ ಲೆಕ್ಕ ಹಾಕಿ, ಮೇಲೆ ಬ್ಯಾಂಕಿನ ವಿನಿಮಯ ಶುಲ್ಕ ಕಟ್ಟಿ ಹಾಡು ಕೊಳ್ತಿದ್ದೀನಿ.

ಯುಪಿಐ ತೆಗೆದುಕೊಂಡು, ಕವಿಯ ಹೆಸರು ಸಮೇತ, ಬೀಗವಿಲ್ಲದ ಭಾವಗೀತೆ ಮಾರುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಇವತ್ತು ರಾತ್ರಿಯೇ ಒಂದು ಹಾಡು ಕೊಂಡು ನೋಡ್ತೀನಿ.