ನಿಜವಾದ ನಾನು ಅಂದ್ರೆ ಯಾರ ಮುಂದಿನ ನಾನು?

‘ಸೋಶಿಯಲ್ ಮೀಡಿಯಾದಲ್ಲಿ ಎಲ್ಲರೂ ಮುಖವಾಡ ಹಾಕಿಕೊಂಡಿರ್ತಾರೆ, ನಿಜವಾದ ಮುಖ ಬೇರೆ’ ಅನ್ನೋ ಮಾತು ದಿನಾ ಕಿವಿಗೆ ಬೀಳುತ್ತೆ. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ನಮ್ಮ ಮಂಡ್ಯದವರನ್ನೇ ನೋಡಿ. ಅವ್ವನ ಹತ್ತಿರ ಒಂದು ಥರ, ಗದ್ದೆ ಬಯಲಲ್ಲಿ ಗೆಳೆಯರ ಜೊತೆ ಒಂದು ಥರ, ಹೆಣ್ಣು ಕೊಟ್ಟ ಮಾವನ ಮನೆಯಲ್ಲಿ ಇನ್ನೊಂದು ಥರ ಇರ್ತೀವಿ. ಇದರಲ್ಲಿ ಯಾವುದು ಸುಳ್ಳು? ಎಲ್ಲವೂ ನಾವೇ ಅಲ್ವಾ?

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಅವ್ವ, ಮಾವ, ಗೆಳೆಯ, ಆಫೀಸಿನ ಸಾಹೇಬ್ರು, ಮುಖವೇ ನೋಡದ ಸಾವಿರ ಜನ, ಎಲ್ಲರೂ ಒಂದೇ ಸಲ ಎದುರಿಗೆ ಕೂತಿರ್ತಾರೆ. 2009ರಲ್ಲಿ ಫೇಸ್‌ಬುಕ್‌ಗೆ ಲೈಕ್ ಬಟನ್ ಬಂದಮೇಲೆ ಅವರ ಮೆಚ್ಚುಗೆಗೆ ಲೆಕ್ಕವೂ ಸಿಗೋಕೆ ಶುರುವಾಯ್ತು. ಎಲ್ಲರಿಗೂ ಒಂದೇ ಮುಖ ತೋರಿಸಬೇಕು. ಅದು ಯಾವ ಮುಖ ಅಂತ ಕೊನೆಗೆ ಆ ಲೆಕ್ಕವೇ ತೀರ್ಮಾನ ಮಾಡುತ್ತೆ.

ನನ್ನ ಚಿಕ್ಕಮ್ಮನ ಮಗ ಮದ್ದೂರು ಕಡೆಯವನು. ಟಿಕ್‌ಟಾಕ್ ಕಾಲದಿಂದಲೂ ವಿಡಿಯೋ ಮಾಡ್ತಿದ್ದ. 2020ರ ಜೂನ್ ಕೊನೆಯಲ್ಲಿ ಸರ್ಕಾರ ಟಿಕ್‌ಟಾಕ್ ನಿಷೇಧ ಮಾಡಿತು, ಮರುತಿಂಗಳೇ ಇಲ್ಲಿಗೆ ರೀಲ್ಸ್ ಬಂತು, ಇವನೂ ಅಲ್ಲಿಗೆ ಹೋದ. ಮೊದಮೊದಲು ಟಿವಿಯವರ ಹಾಗೆ ‘ನಮಸ್ಕಾರ ಸ್ನೇಹಿತರೇ’ ಅಂತಿದ್ದ. ಯಾರೂ ನೋಡಲಿಲ್ಲ. ಒಂದು ದಿನ ಚಿಕ್ಕಪ್ಪನ ಆಲೆಮನೆಯಲ್ಲಿ ನಿಂತು ‘ಏನ್ಲಾ, ಬೆಲ್ಲ ಅಂದ್ರೆ ಸುಮ್ಕೆ ಆಯ್ತದಾ?’ ಅಂದ. ಜನ ಮುಗಿಬಿದ್ದು ನೋಡಿದರು. ನನಗೆ ಎಷ್ಟು ಹೆಮ್ಮೆಯಾಯ್ತು ಅಂದ್ರೆ! ನಮ್ಮ ಭಾಷೆಯನ್ನ ಸಿನಿಮಾಗಳಲ್ಲಿ ಬರೀ ನಗಿಸೋಕೆ ಬಳಸೋದು ನೋಡಿ ನೊಂದವರಿಗೆ ಈ ಹೆಮ್ಮೆ ಅರ್ಥವಾಗುತ್ತೆ.

ಆಮೇಲೆ ಪ್ರತಿ ವಿಡಿಯೋದಲ್ಲೂ ‘ಏನ್ಲಾ’ ಬಂತು. ದನಿ ಏರಿತು, ಬೈಗುಳ ಸೇರಿತು. ದಿನಾ ಪ್ಯಾಂಟ್ ಹಾಕೋ ಹುಡುಗ ಕ್ಯಾಮೆರಾ ಮುಂದೆ ಮಾತ್ರ ಪಟಾಪಟಿ ಚಡ್ಡಿ, ಹೆಗಲ ಮೇಲೆ ಟವಲ್. ಚಿಕ್ಕಮ್ಮ ಒಂದು ದಿನ ಕೇಳಿಯೇಬಿಟ್ಟರು, ‘ಯಾಕ್ ಮಗಾ ಅಂಗ್ ಕಿರುಚ್ಕೊತೀಯ? ನೀನು ಅಂಗ್ ಮಾತಾಡೋನೇ ಅಲ್ವಲ್ಲ.’ ಅವನು ಆಡ್ತಿದ್ದದ್ದು ಅವರ ಮನೆ ಮಾತೇ. ಆದರೂ ಹೆತ್ತ ತಾಯಿಗೆ ಮಗನ ಗುರುತು ಸಿಗಲಿಲ್ಲ.

ನಾನು ಕಂಡ ಹಾಗೆ ಆಲೆಮನೆಯಲ್ಲಿ ಅವನು ಮಾತಾಡೋದೇ ಕಡಿಮೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರೋ ಕೊಳೆ ತೆಗೀತಾ, ಗುಳ್ಳೆ ನೋಡ್ತಾ ನಿಂತಿರ್ತಾನೆ. ಚೂರು ಪಾಕ ತಣ್ಣೀರಿಗೆ ಬಿಡ್ತಾನೆ. ಬೆರಳಲ್ಲಿ ಉಂಡೆ ಕಟ್ಟುತ್ತಾ ಅಂತ ನೋಡಿ ‘ಇಳುಸ್ರಣ್ಣ’ ಅಂತಾನೆ. ಅವನಿಗಿಂತ ಎಷ್ಟೋ ದೊಡ್ಡವರು ಅವನ ಒಂದು ಮಾತಿಗೆ ಕೊಪ್ಪರಿಗೆ ಇಳಿಸ್ತಾರೆ. ಇದನ್ನೂ ಒಮ್ಮೆ ವಿಡಿಯೋ ಮಾಡಿ ಹಾಕಿದ್ದ. ಓಡಲಿಲ್ಲ. ಅಳಿಸಿಬಿಟ್ಟ.

ನನಗೆ ಸಂಕಟ ಆಗೋದು ಇಲ್ಲೇ. ಜನ ಮೆಚ್ಚಿದ್ದು ಸುಳ್ಳನ್ನಲ್ಲ, ಅವನಲ್ಲೇ ಇದ್ದ ಒಂದು ಚೂರನ್ನ. ಆ ಚೂರು ಈಗ ಉಳಿದ ಹುಡುಗನನ್ನ ಮೂಲೆಗೆ ತಳ್ಳಿದೆ. ಇಂಥವನಿಗೆ ‘ನೀನು ನೀನಾಗಿರು’ ಅಂದ್ರೆ ‘ಇದೂ ನಾನೇ ಅಲ್ವಾ ಅಣ್ಣ’ ಅಂತಾನೆ. ಏನಂತ ಉತ್ತರ ಕೊಡೋದು?

2021ರಿಂದ ಇನ್‌ಸ್ಟಾಗ್ರಾಂನಲ್ಲಿ ಲೈಕ್ ಲೆಕ್ಕ ಕಾಣದ ಹಾಗೆ ಮಾಡಿಕೊಳ್ಳಬಹುದು, ಮಾಡ್ಕೋ ಅಂದೆ. ‘ಅಂಗಡಿಯವರು ಪ್ರಚಾರ ಕೊಡೋಕೆ ಮುಂಚೆ ಕೇಳೋದೇ ವ್ಯೂಸ್ ಎಷ್ಟು ಅಂತ’ ಅಂದ. ಅದೂ ನಿಜ. ಕಬ್ಬಿನ ದುಡ್ಡು ಕೈಗೆ ಬರೋದು ಯಾವಾಗಲೋ, ಈ ದುಡ್ಡು ಮನೆ ಸಾಮಾನಿಗೆ ಆಗುತ್ತೆ. ಬಿಟ್ಟುಬಿಡು ಅನ್ನೋಕೆ ನನಗೆ ಬಾಯಿ ಬರಲ್ಲ.

ನಾನು ಕೇಳಿಕೊಳ್ಳೋದು ನೋಡುವವರನ್ನ. ಆ ಪಾಕದ ವಿಡಿಯೋ ಕೆಳಗೆ ‘ಹಳೇ ಸ್ಟೈಲೇ ಚೆನ್ನಾಗಿತ್ತು ಗುರೂ, ಏನ್ಲಾ ಅನ್ನು’ ಅಂತ ಸಾಲುಸಾಲು ಬರೆದಿದ್ದರು. ಹಾಗೆ ಬರೀಬೇಡಿ. ಯಾರಾದರೂ ತಮ್ಮ ಇನ್ನೊಂದು ಮುಖ ತೋರಿಸಿದಾಗ ಎರಡು ನಿಮಿಷ ನಿಂತು ನೋಡಿ. ಅದನ್ನ ಮತ್ತೆ ಹಾಕು ಅಂತ ತಮ್ಮನಿಗೆ ಹೇಳಿದ್ದೀನಿ. ಹಾಕಿದರೆ ಇಲ್ಲೇ ಹಂಚಿಕೊಳ್ತೀನಿ, ಪೂರ್ತಿ ನೋಡಿ.