ದೇವದಾರು ರಾತ್ರಿಯೂ ಆಕ್ಸಿಜನ್ ಕೊಡುತ್ತಾ? ಸತ್ಯಾಂಶ ನೋಡಿ

ಹಿಮಾಲಯದ ದೇವದಾರು ಮನೆ ಮುಂದೆ ಹಾಕಿದ್ರೆ ಹಗಲು ರಾತ್ರಿ ಆಕ್ಸಿಜನ್ ಅನ್ನೋ ಮೆಸೇಜ್ ನಮ್ಮ ದಾವಣಗೆರೆ ಕಡೆ ಗ್ರೂಪ್‌ಗಳಲ್ಲಿ ತಿರುಗ್ತಾನೇ ಇರುತ್ತೆ. ಕಳಿಸೋರ ಮನಸು ಒಳ್ಳೇದೇ ಬಿಡಿ, ನಾಲ್ಕು ಜನ ಗಿಡ ಹಾಕ್ಲಿ ಅಂತ. ಆದ್ರೆ ವಿಷಯ ಸರಿಯಿಲ್ಲ.

ವರ್ಷಪೂರ್ತಿ ಹಸಿರಾಗಿರುತ್ತೆ ಅನ್ನೋದು ನಿಜ, ಆದ್ರೆ ಯಾವ ಮರಕ್ಕಾದ್ರೂ ಆಕ್ಸಿಜನ್ ಮಾಡೋಕೆ ಬೆಳಕು ಬೇಕು, ಕತ್ತಲಾದ್ಮೇಲೆ ದೇವದಾರೂ ಬೇವಿನ ಥರಾನೇ ಆಕ್ಸಿಜನ್ ತಗೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ. ಹೈಸ್ಕೂಲ್ ಮಕ್ಕಳ ವಿಜ್ಞಾನ ಪುಸ್ತಕ ತೆಗೆದ್ರೆ ಸಿಗುತ್ತೆ, ಐದು ನಿಮಿಷದ ಕೆಲಸ.

ಇನ್ನು ಇಲ್ಲಿ ಬೆಳೆಯುತ್ತಾ ಅಂದ್ರೆ, ಅದರ ಜಾಗ ಕಾಶ್ಮೀರ, ಹಿಮಾಚಲ, ಉತ್ತರಾಖಂಡ, ಹೆಚ್ಚುಕಮ್ಮಿ 1500 ರಿಂದ 3200 ಮೀಟರ್ ಎತ್ತರ, ಹಿಮ ಬಿದ್ರೂ ತಡ್ಕೊಳ್ಳುತ್ತೆ, ಮರದಲ್ಲಿ ಎಣ್ಣೆ ಇರೋದಕ್ಕೆ ಬೇಗ ಹುಳ ಹಿಡಿಯಲ್ಲ ಅಂತ ಅಲ್ಲಿ ಮನೆ, ದೇವಸ್ಥಾನಕ್ಕೆಲ್ಲ ಬಳಸ್ತಾರೆ. ನಾವಿರೋದು 600 ಮೀಟರ್ ಆಸುಪಾಸು. ಏಪ್ರಿಲ್ ಬಿಸಿಲು, ಚಿತ್ರದುರ್ಗದ ಒಣ ಗಾಳಿ ಅದಕ್ಕೆ ಆಗಿಬರಲ್ಲ.

ನರ್ಸರೀಲಿ ಕೊಳ್ಳೋ ಮುಂಚೆ ಗಿಡದ ವೈಜ್ಞಾನಿಕ ಹೆಸರು ಕೇಳಿ, ಅದನ್ನ ಹುಡುಕಿ ಮೂಲ ಊರು, ಎತ್ತರ ನೋಡಿ. ಕ್ರಿಸ್‌ಮಸ್ ಗಿಡ ಅಂತ ಇಲ್ಲಿ ಸಾಮಾನ್ಯವಾಗಿ ಕೊಡೋದು ಅರೌಕೇರಿಯಾ, ಪೆಸಿಫಿಕ್ ದ್ವೀಪದ್ದು, ಅಂದಕ್ಕೆ ಕುಂಡದಲ್ಲಿಟ್ಕೊಳ್ಳಿ. ನೆರಳು ಬೇಕಂದ್ರೆ ಹೊಂಗೆ ಹಾಕ್ರಿ.